ಕಣ್ಣಿಗೆ ಲೆನ್ಸ್ ಒಗ್ಗುವ ತನಕ

ಮೊದಲ ದಿನ ಬಲಗಣ್ಣಿಗೆ ಲೆನ್ಸ್ ಹಾಕಿಕೊಳ್ಳಲು ನನಗೆ ಹಿಡಿದದ್ದು ನಲವತ್ತು ನಿಮಿಷ. ಎಡಗಣ್ಣಿಗೆ ಅವತ್ತು ಆಗಲೇ ಇಲ್ಲ. ವೈಟ್‌ಫೀಲ್ಡ್‌ನ ನಮ್ಮ ಪಿಜಿಯಲ್ಲಿ, ಕನ್ನಡಿ ಮುಂದೆ ಕಣ್ಣೀರು ಸುರಿಸುತ್ತಾ ನಿಂತಿದ್ದ ನನ್ನನ್ನು ನೋಡಿ ರೂಮ್‌ಮೇಟ್ ಕೇಳಿದ: "ಏನ್ ಮಗಾ, ಮ್ಯಾಥ್ಸ್ ಮತ್ತೆ ಹೋಯ್ತಾ?"

ಕ್ಲಬ್‌ನಲ್ಲಿ ಮೂರ್ನಾಲ್ಕು ಜನ ಕನ್ನಡಕ ಬಿಟ್ಟು ಲೆನ್ಸ್‌ಗೆ ಹೋಗುವ ಯೋಚನೆಯಲ್ಲಿದ್ದಾರೆ. ಅವರಿಗಾಗಿ ಇದು. ಲೆನ್ಸ್ ವಿಷಯದಲ್ಲಿ ಒಗ್ಗಿಸಿಕೊಳ್ಳಬೇಕಾದ್ದು ಕೆಲವಿದೆ, ಒಗ್ಗಿಸಿಕೊಳ್ಳಲೇಬಾರದ್ದೂ ಇದೆ. ಎರಡನ್ನೂ ಗೊಂದಲ ಮಾಡಿಕೊಂಡು ನಾನು ಪೆಟ್ಟು ತಿಂದೆ.

ಮೊದಲು ಪವರ್. ಕನ್ನಡಕದ ಚೀಟಿ ನೋಡಿ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಬೇಡಿ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ಇರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. ಹಾಗಾಗಿ ಕನ್ನಡಕದ ಪವರನ್ನು (1 − ದೂರ × ಪವರ್) ಇಂದ ಭಾಗಿಸಬೇಕು, ದೂರ ಮೀಟರ್‌ನಲ್ಲಿ. ನನ್ನದು −6. ಭಾಗಿಸಿದರೆ −6 ÷ 1.072, ಅಂದರೆ ಹೆಚ್ಚುಕಡಿಮೆ −5.6. ನನಗೆ ಕೊಟ್ಟಿದ್ದು −5.5. ಇದರ ಜೊತೆ ಕಣ್ಣಿನ ವಕ್ರತೆಯನ್ನೂ ಅಳೆಯಬೇಕು. ಅದು ಆಪ್ಟೊಮೆಟ್ರಿಸ್ಟ್ ಕೆಲಸ, ನಮ್ಮ ಕ್ಯಾಲ್ಕುಲೇಟರ್‌ನದ್ದಲ್ಲ.

ಇನ್ನು ಹಾಕೋದು. ಕೈಯನ್ನು ಸೋಪಿನಿಂದ ತೊಳೆದು ಪೂರ್ತಿ ಒರೆಸಿ. ಬೆರಳು ಒದ್ದೆ ಇದ್ದರೆ ಲೆನ್ಸ್ ಕಣ್ಣಿಗೆ ಹೋಗುವ ಬದಲು ಬೆರಳಿಗೇ ಅಂಟಿಕೊಳ್ಳುತ್ತೆ. ನನ್ನ ನಲವತ್ತು ನಿಮಿಷದಲ್ಲಿ ಮೂವತ್ತು ಇದಕ್ಕೇ ಹೋಯಿತು. ತೋರುಬೆರಳ ತುದಿಯಲ್ಲಿ ಲೆನ್ಸ್ ಇಟ್ಟು ಪಕ್ಕದಿಂದ ನೋಡಿ: ಬಟ್ಟಲಿನಂತಿದ್ದರೆ ಸರಿ, ಅಂಚು ತಟ್ಟೆಯಂತೆ ಹೊರಕ್ಕೆ ಅರಳಿದ್ದರೆ ತಿರುಗುಮುರುಗಾಗಿದೆ. ಇನ್ನೊಂದು ಕೈಯಿಂದ ಮೇಲಿನ ರೆಪ್ಪೆಯನ್ನು ಕೂದಲ ಬುಡದಲ್ಲೇ ಹಿಡಿಯಬೇಕು. ಹುಬ್ಬಿನ ಹತ್ತಿರ ಹಿಡಿದರೆ ಕಣ್ಣು ನಿಮ್ಮನ್ನು ಸೋಲಿಸಿ ಮುಚ್ಚಿಕೊಂಡೇ ಬಿಡುತ್ತೆ. ತೆಗೆಯುವಾಗ ಮೇಲೆ ನೋಡುತ್ತಾ ಲೆನ್ಸನ್ನು ಬಿಳಿಭಾಗಕ್ಕೆ ಜಾರಿಸಿ, ಬೆರಳ ಮೆತ್ತೆಯಿಂದ ಚಿವುಟಿ ತೆಗೆಯಿರಿ. ಉಗುರು ಕತ್ತರಿಸಿರಲಿ.

ಶುರುವಿನಲ್ಲಿ ಏನೋ ಇದೆ ಅನ್ನಿಸೋದು ಸಹಜ. ಕಣ್ಣು ಮಿಟುಕಿಸಿದಾಗಲೆಲ್ಲ ರೆಪ್ಪೆ ಲೆನ್ಸಿನ ಅಂಚಿಗೆ ತಾಗುತ್ತೆ. ಹೊಸ ವಾಚು ಕಟ್ಟಿದ ಹಾಗೆ, ಕೆಲವು ದಿನದಲ್ಲಿ ಮರೆತುಹೋಗುತ್ತದೆ. ನನಗೆ ಮೊದಲ ದಿನ ನಾಲ್ಕು ಗಂಟೆ, ಆಮೇಲೆ ದಿನಕ್ಕೆ ಒಂದೊಂದು ಗಂಟೆ ಹೆಚ್ಚು ಅಂದಿದ್ದರು. ಇದು ಒಗ್ಗಿಸಿಕೊಳ್ಳಬೇಕಾದ್ದು.

ಗಾಳಿಯ ಕೊರತೆಗೆ ಮಾತ್ರ ಕಣ್ಣು ಒಗ್ಗುವುದಿಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾದಲ್ಲಿ ರಕ್ತನಾಳವೇ ಇಲ್ಲ. ಅದು ಆಮ್ಲಜನಕವನ್ನು ಮುಖ್ಯವಾಗಿ ಗಾಳಿಯಿಂದಲೇ, ಕಣ್ಣೀರಿನ ಮೂಲಕ ಪಡೆಯುತ್ತದೆ. ಮೆತ್ತನೆ ಲೆನ್ಸಿನ ಮೂಲ ಜೆಕ್ ರಸಾಯನಶಾಸ್ತ್ರಜ್ಞ ಒಟ್ಟೊ ವಿಕ್ಟರ್ಲೆ. 1961ರ ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲೇ, ಮಕ್ಕಳ ಮೆಕ್ಯಾನಿಕಲ್ ಆಟಿಕೆ ಸೆಟ್ ಮತ್ತು ಸೈಕಲ್ ಡೈನಮೊ ಸೇರಿಸಿ ಲೆನ್ಸ್ ಎರೆಯುವ ಯಂತ್ರ ಮಾಡಿದರು. (ನಮ್ಮ ಮಿನಿ ಪ್ರಾಜೆಕ್ಟ್‌ಗೆ ಬಜೆಟ್ ಇಲ್ಲ ಅನ್ನುವವರು ಗಮನಿಸಿ.) ಈಗಿನ ಸಿಲಿಕಾನ್ ಹೈಡ್ರೊಜೆಲ್ ಲೆನ್ಸ್ ಹೆಚ್ಚು ಆಮ್ಲಜನಕ ಬಿಡುತ್ತದೆ. ಹಾಗಂತ ಹಾಕಿಕೊಂಡೇ ಮಲಗಬೇಡಿ.

ಪೀಣ್ಯದ ಒಂದು ಶಾಪ್‌ನಲ್ಲಿ ಇಂಟರ್ನ್‌ಶಿಪ್ ಮಾಡುವಾಗ ಹಿರಿಯ ವೆಲ್ಡರ್ ಒಬ್ಬರು ಎಚ್ಚರಿಸಿದ್ದರು: "ಲೆನ್ಸ್ ಹಾಕ್ಕೊಂಡು ಆರ್ಕ್ ಹತ್ರ ಬರ್ಬೇಡ ಕಣಪ್ಪ, ಕರಗಿ ಕಣ್ಣಿಗೆ ಅಂಟ್ಕೊಳುತ್ತೆ." ಈ ಮಾತು ಊರೂರಲ್ಲಿದೆ. 1967ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ವೆಲ್ಡರ್ ಒಬ್ಬರಿಗೆ ಹೀಗಾಯಿತು ಎಂದು ಸುದ್ದಿ ಹಬ್ಬಿತ್ತು. ವಿಚಾರಿಸಿದಾಗ ಗೊತ್ತಾದದ್ದು, ಅವರ ಕಣ್ಣು ಕೆಟ್ಟದ್ದು ಆರ್ಕ್‌ನಿಂದಲ್ಲ, ಲೆನ್ಸನ್ನು 17-18 ಗಂಟೆ ತೆಗೆಯದೇ ಇದ್ದದ್ದರಿಂದ. ಆದರೂ ಅವರ ಎಚ್ಚರಿಕೆಯನ್ನು ತಳ್ಳಿಹಾಕಬೇಡಿ: ಲೆನ್ಸ್ ಗಾಗಲ್ ಅಲ್ಲ. ಗ್ರೈಂಡಿಂಗ್ ದೂಳಿಗೂ ಆರ್ಕ್‌ಗೂ ಅದರ ಮೇಲೆ ಸುರಕ್ಷಾ ಕನ್ನಡಕ, ಶೀಲ್ಡ್ ಬೇಕೇ ಬೇಕು. ಆಸಿಡ್ ಹೊಗೆ ಬರುವ ಲ್ಯಾಬ್ ದಿನ ನಾನು ಕನ್ನಡಕದಲ್ಲೇ ಹೋಗುತ್ತೇನೆ.

ನಾನು ಪೆಟ್ಟು ತಿಂದದ್ದು ನೀರಿನಲ್ಲಿ. ಎರಡನೇ ವಾರ ಸಲ್ಯೂಷನ್ ಖಾಲಿಯಾಗಿತ್ತು. ರಾತ್ರಿ ಹನ್ನೊಂದು, ಅಂಗಡಿ ಮುಚ್ಚಿದೆ. "ಕುಡಿಯೋ ನೀರೇ ಅಲ್ವಾ, ಅದ್ರಲ್ಲೇ ಹಾಕು" ಅಂದ ರೂಮ್‌ಮೇಟ್. ಹಾಕಿದೆ. ಬೆಳಗ್ಗೆ ಹಾಕಿಕೊಂಡಾಗ ಉರಿಯಿತು. ಒಗ್ಗುತ್ತೆ ಬಿಡು ಅಂತ ಇಂಟರ್ನಲ್ಸ್ ಬರೆಯಲು ಹೋದೆ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕೆಂಡ, ಟ್ಯೂಬ್‌ಲೈಟ್ ನೋಡಲಾಗುತ್ತಿಲ್ಲ.

ಕಾರ್ನಿಯಾ ಗೀರಿದೆ ಅಂದರು ಡಾಕ್ಟರ್. ಸೋಂಕು ತಗುಲಿರಲಿಲ್ಲ, ಅಷ್ಟೇ ಪುಣ್ಯ. ಬೋರ್‌ವೆಲ್, ಟ್ಯಾಂಕರ್, ಸಂಪು, ನಲ್ಲಿ, ಯಾವ ನೀರಿನಲ್ಲಾದರೂ ಅಕಾಂತಮೀಬಾ ಎಂಬ ಏಕಕೋಶ ಜೀವಿ ಇರಬಹುದು. ಕಷ್ಟಕಾಲದಲ್ಲಿ ಅದು ಗಟ್ಟಿ ಕವಚದೊಳಗೆ ಅಡಗುತ್ತದೆ, ಕ್ಲೋರಿನ್‌ಗೂ ಸುಲಭವಾಗಿ ಬಗ್ಗುವುದಿಲ್ಲ. ಕಾರ್ನಿಯಾಗೆ ಅದು ಹೊಕ್ಕರೆ ಚಿಕಿತ್ಸೆ ತಿಂಗಳುಗಟ್ಟಲೆ, ಕೆಲವರಿಗೆ ಕಾರ್ನಿಯಾ ಕಸಿಯೇ ಬೇಕಾಗುತ್ತದೆ. ನಲ್ಲಿ ನೀರಾಗಲಿ ಆರ್‌ಓ ನೀರಾಗಲಿ ಲೆನ್ಸ್‌ಗೂ ಡಬ್ಬಿಗೂ ತಾಗಬಾರದು, ಸ್ನಾನಕ್ಕೆ ಮೊದಲೇ ಲೆನ್ಸ್ ತೆಗೆಯಬೇಕು. ಸಲ್ಯೂಷನ್ ಇಲ್ಲದ ರಾತ್ರಿ ಆ ಜೊತೆ ಎಸೆದುಬಿಡಿ, ಹಣ ಹೋದರೆ ಹೋಗಲಿ.

ಕೆಂಪು, ನೋವು, ಬೆಳಕು ಚುಚ್ಚುವುದು, ಮಂಜು: ಯಾವುದೇ ಒಂದು ಕಂಡರೂ ಲೆನ್ಸ್ ತೆಗೆದು, ಡಬ್ಬಿ ಸಮೇತ ಅವತ್ತೇ ಡಾಕ್ಟರ ಬಳಿ ಹೋಗಿ. ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ ಬೊಮ್ಮಸಂದ್ರದಲ್ಲಿ ನಾರಾಯಣ ನೇತ್ರಾಲಯ ಇದೆ, ನಮ್ಮ ಕಡೆಗೆ ಕುಂದಲಹಳ್ಳಿ ಗೇಟ್‌ನ ಶಂಕರ ಕಣ್ಣಿನ ಆಸ್ಪತ್ರೆ. ಸರ್ಕಾರಿ ಆಸ್ಪತ್ರೆ ಬೇಕೆಂದರೆ ಕೆ.ಆರ್. ಮಾರುಕಟ್ಟೆ ಹತ್ತಿರದ ಮಿಂಟೋ.

ಆಮೇಲೆ ಲ್ಯಾಪ್‌ಟಾಪ್ ಮುಂದೆ ನಾವು ಕಣ್ಣು ಮಿಟುಕಿಸೋದೇ ಕಡಿಮೆ. ಎಸಿ ಲ್ಯಾಬ್‌ನಲ್ಲಿ ಲೆನ್ಸ್ ಬೇಗ ಒಣಗುತ್ತೆ. ಕೋಡ್ ಕಂಪೈಲ್ ಆಗುವಾಗೆಲ್ಲ ನಾನು ಬೇಕಂತಲೇ ಹತ್ತು ಸಲ ಮಿಟುಕಿಸುತ್ತೇನೆ. ಪಕ್ಕದಲ್ಲಿ ಕೂತವರು ತಪ್ಪು ತಿಳಿದದ್ದೂ ಉಂಟು.

ಈಗ ಎರಡೂ ಕಣ್ಣಿಗೆ ಸೇರಿ ಒಂದು ನಿಮಿಷ ಸಾಕು. ರಾತ್ರಿ ಎಂಟಾದ ಮೇಲೆ ಹಳೇ ಕನ್ನಡಕವೇ.