ಕೆಂಗೇರಿಗೂ ಒಂದು ಪುರಸಭೆಯಿತ್ತು

2007ರವರೆಗೆ ಕೆಂಗೇರಿ ಬೆಂಗಳೂರು ಪಾಲಿಕೆಗೆ ಸೇರಿರಲಿಲ್ಲ. ಅದಕ್ಕೆ ತನ್ನದೇ ಪುರಸಭೆಯಿತ್ತು. ರಾಜಾಜಿನಗರ, ವಿಜಯನಗರದವರು ಮಾತ್ರ ಆಗಲೇ ಮಹಾನಗರ ಪಾಲಿಕೆಗೆ ತೆರಿಗೆ ಕಟ್ಟುತ್ತಿದ್ದರು. ಇಷ್ಟು ಹತ್ತಿರದ ಜಾಗಗಳಿಗೆ ಎರಡು ಬಗೆಯ ಆಡಳಿತ ಯಾಕೆ?

ಕರ್ನಾಟಕದಲ್ಲಿ ಊರಿನ ದರ್ಜೆಯನ್ನು ಮುಖ್ಯವಾಗಿ ಜನಸಂಖ್ಯೆ ನೋಡಿ ಕೊಡುತ್ತಾರೆ. 10,000 ದಾಟಿದ ಊರಿಗೆ ಪಟ್ಟಣ ಪಂಚಾಯಿತಿ, 20,000 ದಾಟಿದರೆ ಪುರಸಭೆ, 50,000ಕ್ಕೆ ನಗರಸಭೆ, 3 ಲಕ್ಷ ಮೀರಿದರೆ ಮಹಾನಗರ ಪಾಲಿಕೆ. ಹೊಸಬರು ಎಡವುವುದು ಇಲ್ಲೇ. ಇವು ಶಾಲೆಯ ತರಗತಿಗಳಿದ್ದ ಹಾಗೆ. ಐದನೇ ಕ್ಲಾಸಿನವರು ಆರನೆಯವರ ಕೈಕೆಳಗಿರುವುದಿಲ್ಲ. ಪುರಸಭೆಯೂ ಅಷ್ಟೇ, ನಗರಸಭೆಯ ಅಧೀನವಲ್ಲ. ಒಂದರ ಮೇಲೊಂದು ಹಂತ ಇರುವುದು ಹಳ್ಳಿಗಳಿಗೆ: ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿ.

2007ರಲ್ಲಿ ಕೆಂಗೇರಿ ಪುರಸಭೆ, ಸುತ್ತಲಿನ 7 ನಗರಸಭೆ, 110 ಹಳ್ಳಿಗಳನ್ನು 100 ವಾರ್ಡುಗಳ ಹಳೆಯ ಪಾಲಿಕೆಗೆ ಸೇರಿಸಿ ಬಿಬಿಎಂಪಿ ಮಾಡಿದರು. ಅದು ಕೈಗೆ ಸಿಗದಷ್ಟು ದೊಡ್ಡದಾಯಿತು ಎಂದು 2025ರ ಸೆಪ್ಟೆಂಬರ್ 2ರಂದು ಐದು ಪಾಲಿಕೆಗಳಾಗಿ ಒಡೆದರು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಈಗ ಬೆಂಗಳೂರು ಪಶ್ಚಿಮ ನಗರ ಪಾಲಿಕೆಯಲ್ಲಿವೆ. ಐದರಲ್ಲಿ ಹೆಚ್ಚು ವಾರ್ಡು ಇದಕ್ಕೇ: 369ರಲ್ಲಿ 112. ಹೀಗೆ ಬೆಂಗಳೂರಿಗೂ ಮೂರು ಹಂತ ಬಂತು. ಕೆಳಗೆ ವಾರ್ಡ್ ಸಮಿತಿ, ನಡುವೆ ಪಾಲಿಕೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಪ್ರಾಧಿಕಾರದ ಅಧ್ಯಕ್ಷರು ಮುಖ್ಯಮಂತ್ರಿ. ನಗರದ ಚುಕ್ಕಾಣಿ ಮೇಯರ್ ಕೈಯಲ್ಲಿರಬೇಕು ಎನ್ನುವ ನನ್ನಂಥವರಿಗೆ ಇದು ಅಷ್ಟು ಹಿಡಿಸದು.

ಚರಂಡಿ, ಬೀದಿದೀಪ, ಒಳರಸ್ತೆ, ಖಾತಾ, ಆಸ್ತಿ ತೆರಿಗೆಗೆ ಪಾಲಿಕೆಯ ಬಾಗಿಲು ತಟ್ಟಿ. ನಲ್ಲಿಯಲ್ಲಿ ನೀರು ಬರದಿದ್ದರೆ ಜಲಮಂಡಳಿ, ಕರೆಂಟಿಗೆ ಬೆಸ್ಕಾಂ, ಬಸ್ಸಿಗೆ ಬಿಎಂಟಿಸಿ. ಇವೆಲ್ಲ ರಾಜ್ಯ ಸರ್ಕಾರದ ಸಂಸ್ಥೆಗಳು. ಕಾರ್ಪೊರೇಟರ್ ಇವಕ್ಕೆ ಫೋನ್ ಮಾಡಬಹುದು, ಆಜ್ಞೆ ಮಾಡಲಾರರು.

ಹಾಗಂತ ಕಾರ್ಪೊರೇಟರ್ ಬೇಡವೆಂದಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಎನ್ನುತ್ತದೆ. ಬಿಬಿಎಂಪಿಯ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ, ಗೆದ್ದವರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಅಲ್ಲಿಂದ ಐದು ವರ್ಷ ಅಧಿಕಾರಿಗಳದ್ದೇ ಆಡಳಿತ. ಪಶ್ಚಿಮ ಪಾಲಿಕೆ ಹುಟ್ಟಿದ್ದೂ ಒಬ್ಬ ಚುನಾಯಿತ ಸದಸ್ಯರೂ ಇಲ್ಲದೆ. ಪಾಲಿಕೆಯನ್ನು ಐದು ಮಾಡಲು ತೋರಿದ ಆತುರವನ್ನು ಚುನಾವಣೆಗೆ ತೋರಲಿಲ್ಲ.

ವಾರ್ಡುಗಳ ಎಲ್ಲೆ ಬದಲಾಗಿದೆ, ಹಳೆಯ ನಂಬರನ್ನು ನೆಚ್ಚಬೇಡಿ. ನಿಮ್ಮ ಮನೆ ಈಗ ಯಾವ ವಾರ್ಡಿನಲ್ಲಿದೆ, ಅಲ್ಲಿನ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.