ನೂಲಿನಿಂದ ಸೊಂಟದ ಅಳತೆ: ಒಂಬತ್ತನೇ ತರಗತಿಯ ಒಂದು ಪಾಠ

ಬೋಧನಾಭ್ಯಾಸದ ಮೂರನೇ ವಾರ ಒಂಬತ್ತನೇ ತರಗತಿಗೆ ‘ದೇಹದ ಅಳತೆ ಮತ್ತು ಆರೋಗ್ಯ’ ಎಂಬ ಪಾಠವನ್ನು ಆಯ್ದುಕೊಂಡೆ. ಗಣಿತದ ಅನುಪಾತವೂ ಆರೋಗ್ಯ ಶಿಕ್ಷಣವೂ ಒಂದೇ ಅವಧಿಯಲ್ಲಿ ಸೇರುತ್ತವೆ. ಪಾಠ ಯೋಜನೆ ಬರೆಯುವಾಗಲೇ ಒಂದು ನಿರ್ಧಾರ ಮಾಡಿದ್ದೆ: ತರಗತಿಯೊಳಗೆ ತೂಕದ ಯಂತ್ರ ತರುವುದಿಲ್ಲ. ‘ಡುಮ್ಮಿ’, ‘ಕಡ್ಡಿ’ ಎಂಬ ಅಡ್ಡಹೆಸರುಗಳು ಅಲ್ಲಿ ಮೊದಲೇ ಓಡಾಡುತ್ತಿದ್ದವು. ಎಲ್ಲರೆದುರು ಓದಿದ ಸಂಖ್ಯೆಯೊಂದು ಮಗುವಿಗೆ ವರ್ಷಪೂರ್ತಿ ಅಂಟಿಕೊಳ್ಳುತ್ತದೆ.

ಮೊದಲು ಬಿಎಂಐ ಸೂತ್ರ: ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವುದು. ಇದರ ಮೂಲ 1830ರ ದಶಕದ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ಅವರು ವೈದ್ಯರಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರಜ್ಞ ಎಂದಾಗ ಹಿಂದಿನ ಬೆಂಚಿನವರೂ ತಲೆಯೆತ್ತಿದರು. ಕಪ್ಪು ಹಲಗೆಯ ಮೇಲೆ ಇಬ್ಬರು ಕಾಲ್ಪನಿಕ ಗಂಡಸರನ್ನು ಬರೆದೆ. ಇಬ್ಬರ ಎತ್ತರವೂ 170 ಸೆಂ.ಮೀ., ತೂಕ 75 ಕಿ.ಗ್ರಾಂ. ಒಬ್ಬ ಕಬಡ್ಡಿ ಆಟಗಾರ, ಸೊಂಟ 80 ಸೆಂ.ಮೀ. ಇನ್ನೊಬ್ಬ ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂರುವವನು, ಸೊಂಟ 96. ಮಕ್ಕಳು ಲೆಕ್ಕ ಹಾಕಿದರು. ಇಬ್ಬರದ್ದೂ ಸುಮಾರು 26! ಸ್ನಾಯು ಎಷ್ಟು, ಕೊಬ್ಬು ಎಷ್ಟು, ಕೊಬ್ಬು ಎಲ್ಲಿದೆ ಎಂಬುದನ್ನು ಈ ಸೂತ್ರ ಹೇಳುವುದಿಲ್ಲವೆಂದು ಅವರೇ ಕಂಡುಕೊಂಡರು.

ಆಗ ಒಬ್ಬಳ ಪ್ರಶ್ನೆ: “ಮಿಸ್, ನಮ್ಮಜ್ಜಿ ಸಣ್ಣಗಿದ್ದಾರೆ, ಆದ್ರೂ ಅವರಿಗೆ ಶುಗರ್ ಇದೆ. ಯಾಕೆ?” ಪಾಠದ ತಿರುಳೇ ಅದು. ಕಾರಣ ಹಲವಿರಬಹುದು, ಅಜ್ಜಿಯದ್ದು ಯಾವುದೆಂದು ವೈದ್ಯರೇ ಹೇಳಬೇಕು ಎಂದು ತಿಳಿಸಿ, 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಚಿತ್ರದ ಕಥೆ ಹೇಳಿದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಇಬ್ಬರ ಬಿಎಂಐ ಕೂಡ 22.3. ಆದರೆ ದೇಹದ ಕೊಬ್ಬು ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2. ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಸೇರುವ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಭಾರತೀಯ ವಯಸ್ಕರಿಗೆ ಬಿಎಂಐ 23ಕ್ಕೇ ಎಚ್ಚರಿಕೆ ಹೇಳುವುದು, ಸೊಂಟದ ಮಿತಿಯನ್ನು ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಎಂದು ಇಟ್ಟಿರುವುದು ಇದಕ್ಕೇ.

ಮುಂದಿನದು ನೂಲಿನ ಚಟುವಟಿಕೆ. ತನ್ನ ಎತ್ತರದಷ್ಟು ನೂಲು ಕತ್ತರಿಸಿ, ಎರಡಾಗಿ ಮಡಚಿ, ಸೊಂಟಕ್ಕೆ ಸುತ್ತುವುದು. ತುದಿಗಳು ಕೂಡಿದರೆ ಸೊಂಟ ಎತ್ತರದ ಅರ್ಧದೊಳಗಿದೆ ಎಂದರ್ಥ. ಸುತ್ತಬೇಕಾದ್ದು ಪ್ಯಾಂಟಿನ ಬೆಲ್ಟಿನ ಜಾಗದಲ್ಲಲ್ಲ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ, ಉಸಿರು ಸಹಜವಾಗಿ ಬಿಟ್ಟಾಗ. (ಹುಡುಗರು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಗಮನಿಸಬೇಕು.) ತರಗತಿಯಲ್ಲಿ ನೂಲು ಕತ್ತರಿಸುವಷ್ಟೇ ಕೆಲಸ, ಸುತ್ತಿ ನೋಡುವುದು ಮನೆಯಲ್ಲಿ, ಫಲಿತಾಂಶವನ್ನು ಯಾರಿಗೂ ತೋರಿಸಬೇಕಿಲ್ಲ ಎಂದೆ. ಎಂದೂ ಮಾತಾಡದ ಹುಡುಗಿಯೊಬ್ಬಳು ನೂಲನ್ನು ಕಂಪಾಸ್ ಪೆಟ್ಟಿಗೆಯಲ್ಲಿಟ್ಟು ಕೇಳಿದಳು: “ಕೂಡ್ಲಿಲ್ಲಾಂದ್ರೆ ರಾತ್ರಿ ಊಟ ಬಿಡ್ಬೇಕಾ ಮಿಸ್?”

ಊಟ ಬಿಡಬಾರದು, ನೀವಿನ್ನೂ ಬೆಳೆಯುವವರು ಎಂದೆ. ವಯಸ್ಕರ ಬಿಎಂಐ ಮಿತಿಗಳು ಮಕ್ಕಳಿಗೆ ಅನ್ವಯಿಸುವುದಿಲ್ಲ, ಅವರ ಬಿಎಂಐಯನ್ನು ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೆಳವಣಿಗೆ ಪಟ್ಟಿಯೊಂದಿಗೇ ಹೋಲಿಸಬೇಕು. ನೂಲು ಕೊಡುವುದು ಸೂಚನೆ ಮಾತ್ರ, ರೋಗನಿರ್ಣಯವಲ್ಲ. ಈ ಮಾತಿಗೆ ಯೋಜನೆಯಲ್ಲಿದ್ದ ಮೂರು ನಿಮಿಷದ ಬದಲು ಹತ್ತು ನಿಮಿಷ ಕೊಟ್ಟೆ, ಮೌಲ್ಯಮಾಪನದ ಎರಡು ಪ್ರಶ್ನೆಗಳನ್ನು ಕೈಬಿಟ್ಟೆ. ಮಾರ್ಗದರ್ಶಕ ಶಿಕ್ಷಕರು ಅದಕ್ಕೆ ಅಂಕ ಕಳೆಯಲಿಲ್ಲ.

ಮರುದಿನ ಒಬ್ಬ ಹುಡುಗ ಬಂದು, ಅಪ್ಪನ ನೂಲು ಕೂಡಲು ನಾಲ್ಕು ಬೆರಳು ಕಡಿಮೆ ಬಿತ್ತು, ಎಲ್ಲಿ ತೋರಿಸಬೇಕೆಂದು ಅಪ್ಪ ಕೇಳಿದ್ದಾರೆ ಎಂದ. 30 ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತವೆಂದು ಅವನ ದಿನಚರಿ ಪುಸ್ತಕದಲ್ಲಿ ಬರೆದುಕೊಟ್ಟೆ.