ಉದಗೀರದ ಚೌಕದಲ್ಲಿ ಕಿವಿಗೊಟ್ಟು ಕೂಡು

ತಮ್ಮಾ, ಗಡಿಯಾಚೆಯ ಉದಗೀರಕ್ಕೆ ಹೊರಟಿದ್ದೀ ಎಂದು ಕೇಳಿ ಸಂತೋಷವಾಯಿತು. ಒಂದು ಮಾತು ಹೇಳುತ್ತೇನೆ, ಮನಸ್ಸಿನಲ್ಲಿಟ್ಟುಕೋ. ಶಿವಾಜಿ ಚೌಕದಲ್ಲಿ ಇಳಿದ ಕೂಡಲೇ ಬೋರ್ಡು ಓದಲು ಹೋಗಬೇಡ. ಅಂಗಡಿ, ಬ್ಯಾಂಕು, ಬಸ್ಸು, ಎತ್ತ ನೋಡಿದರೂ ದೇವನಾಗರಿಯೇ. ಕಣ್ಣನ್ನಷ್ಟೇ ನಂಬಿದರೆ ಇಲ್ಲಿ ಕನ್ನಡವೇ ಇಲ್ಲ ಎಂದುಕೊಂಡು ವಾಪಸ್ ಬರುತ್ತೀ. ಹಾಗೆ ಬಂದವರನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಚುರ್ ಎನ್ನುತ್ತದೆ.

ಚಹದ ಅಂಗಡಿಯ ಬೆಂಚಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂಡು. ಕಣ್ಣು ಮುಚ್ಚು. ಮೊದಲಿಗೆ ಹಾರ್ನು, ಆಟೋದವರ ಕೂಗು, ಬರೀ ಗದ್ದಲ. ಅವಸರ ಬೇಡ. ಸ್ವಲ್ಪ ಹೊತ್ತಿಗೆ ಅದು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಕಾಯಿಪಲ್ಲೆಯವಳ ಮುಂದೆ ಒಬ್ಬ ತಾಯಿ "ಕಸೆ ದಿಲೆ?" ಎಂದು ಮರಾಠಿಯಲ್ಲಿ ದರ ಕೇಳುತ್ತಾಳೆ. ಹೊರಳಿ ಮಗಳಿಗೆ ಸಣ್ಣ ದನಿಯಲ್ಲಿ, "ಭಾಳ ಹೇಳಲತ್ತಾಳ, ನಡಿ" ಅನ್ನುತ್ತಾಳೆ. ನೀನು ಹಿಡಿಯಬೇಕಾದದ್ದು ಆ ಎರಡನೆಯ ಮಾತನ್ನು. ವ್ಯಾಪಾರದ ದನಿ ಜೋರು, ಮನೆಯ ದನಿ ಮೆಲ್ಲಗೆ. ಮಗುವನ್ನು ಗದರಿಸುವಾಗ, ನೋಟು ಎಣಿಸುವಾಗ, ಕಾಲು ಎಡವಿದಾಗ ಬಾಯಿಗೆ ಬರುವ ಭಾಷೆಗೆ ಕಿವಿಗೊಡು. ನಡುನಡುವೆ ದಖನಿ ಉರ್ದು, ಲಂಬಾಣಿಯೂ ಬೀಳುತ್ತವೆ, ಅವನ್ನೂ ಬಿಡಬೇಡ.

ಇಲ್ಲಿ ಕನ್ನಡ ಕಿವಿಗೆ ಬೀಳುವುದೇನೂ ಸೋಜಿಗವಲ್ಲ. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಹೈದರಾಬಾದ್ ರಾಜ್ಯದಲ್ಲಿ ಬೀದರ ಜಿಲ್ಲೆಯಲ್ಲೇ ಇದ್ದವು. 1956ರ ನವೆಂಬರ್ 1ಕ್ಕೆ ಮುಂಬಯಿ ರಾಜ್ಯಕ್ಕೆ ಸೇರಿದವು. ಗೆರೆ ಬಿತ್ತು, ಆದರೆ ಬೀಗತನ ನಿಲ್ಲಲಿಲ್ಲ. ಬೀದರ ಜಿಲ್ಲೆಯಲ್ಲೇ ಉಳಿದ ಭಾಲ್ಕಿಯ ಹೆಣ್ಣು ಇತ್ತ ಸೊಸೆಯಾಗಿ ಬಂದರೆ ಅವಳ ಮಾತೂ ಬೆನ್ನಿಗೆ ಬರುತ್ತದೆ.

ಆಮೇಲೆ ಎದ್ದು ಕಾಳಿನ ಬಜಾರಿಗೆ ಹೋಗು, ತೊಗರಿಯ ಸುಗ್ಗಿಯಾದರೆ ಇನ್ನೂ ಒಳ್ಳೆಯದು. ದಾಲ್ ಮಿಲ್ಲಿನ ಧೂಳು ಮೂಗಿಗೆ ಮೊದಲು ತಾಗುತ್ತದೆ, ಒಣ ಹೊಟ್ಟಿನ ಕಮಟು ವಾಸನೆ. ಆಡತಿಯವರನ್ನು ಕೇಳಿ ಚೀಲದೊಳಗೆ ಮೊಣಕೈ ತನಕ ಕೈ ಇಳಿಸು. ಒಣಗಿದ ಕಾಳು ಬೆರಳ ಸಂದಿಯಿಂದ ಜಾರುತ್ತದೆ, ಹಸಿ ಇದ್ದರೆ ತಣ್ಣಗೆ ಅಂಟುತ್ತದೆ. ಹಳೆಯ ರೈತ ಒಂದು ಕಾಳು ಹಲ್ಲಿಗಿಟ್ಟು ಕಡಿದು, ಆ 'ಕಟ್' ಸಪ್ಪಳದ ಮೇಲೆಯೇ ಒಣಗಿದೆಯೋ ಇಲ್ಲವೋ ಹೇಳುತ್ತಾನೆ. ನೀನೂ ಕಡಿದು ನೋಡು.

ಅಲ್ಲಿಂದ ನಿಲಂಗಾಕ್ಕೆ ಹೋದರೆ ನೀಲಕಂಠೇಶ್ವರ ಗುಡಿ ಹೊಕ್ಕು, ಕೆತ್ತನೆಯ ಕಲ್ಲಿನ ಮೇಲೆ ಅಂಗೈ ಇಡು. ಮುಂದೆ ಉಮರ್ಗಾಕ್ಕೂ ಹೋದರೆ ಅಲ್ಲಿ ಮಾತ್ರ ಹುಷಾರು. ಪುಣೆ–ಹೈದರಾಬಾದ್ ಹೆದ್ದಾರಿ ಊರನ್ನು ಹಾದೇ ಹೋಗುತ್ತದೆ. ಲಾರಿಗಳ ಅಬ್ಬರದಲ್ಲಿ ಮಾತು ಮುಳುಗುತ್ತದೆ. ಅಲ್ಲಿ ರಸ್ತೆ ಬದಿ ಕಣ್ಣು ಮುಚ್ಚಬೇಡ, ಒಳಗಿನ ಓಣಿಗೆ ಹೋಗು.

ಇನ್ನೊಂದು. "ನಿಮ್ಮದು ಯಾವ ಭಾಷೆ?" ಎಂದು ಯಾರನ್ನೂ ಕೇಳಬೇಡ, ಪರಕೀಯನಿಗೆ ಮರಾಠಿ ಎಂದೇ ಹೇಳಿಬಿಡುತ್ತಾರೆ. ಬಾಳೆಹಣ್ಣಿನ ದರವನ್ನು ಕನ್ನಡದಲ್ಲಿ ಕೇಳು. ಉತ್ತರ ಮರಾಠಿಯಲ್ಲಿ ಬಂದರೆ ಬರಲಿ, ಹಣ್ಣು ತಗೊಂಡು ಅಲ್ಲೇ ನಿಂತು ತಿನ್ನು. "ಯಾವ ಊರು ನಿಮ್ಮದು?" ಎಂದು ಅವರೇ ಕನ್ನಡದಲ್ಲಿ ಕೇಳಿದರೆ, ನಿನ್ನೂರು, ಮನೆತನ, ಎಲ್ಲ ಬಿಡಿಸಿ ಹೇಳು.